ಮೂರನೇ ಟ್ಯೂಬು

ದೇಶದಲ್ಲಿ ಮಕ್ಕಳು ಹುಟ್ಟದಂತೆ ಮಾಡುವ ಹೊಣೆಯನ್ನು ಸರ್ಕಾರ ನನ್ನ ಗಂಡನಿಗೆ ಒಪ್ಪಿಸಿತ್ತು. ಮನೆಯಲ್ಲಿ ಮಗು ಹುಟ್ಟಲಿಲ್ಲವೆಂದು ನನ್ನನ್ನು ತವರಿಗೆ ಅಟ್ಟುವ ಹೊಣೆಯನ್ನು ನನ್ನ ಅತ್ತೆ ತಾವೇ ವಹಿಸಿಕೊಂಡಿದ್ದರು. ಎರಡೂ ಕೆಲಸ ಒಂದೇ ಸೂರಿನಡಿ ಭರದಿಂದ ಸಾಗುತ್ತಿತ್ತು. ಇಬ್ಬರಲ್ಲಿ ಒಬ್ಬರಿಗೂ ನಗು ಬರುತ್ತಿರಲಿಲ್ಲ.

ನನ್ನ ಗಂಡನ ಹೆಸರು ಡಾಕ್ಟರ್ ಆವಲಪ್ಪ. ಯಲಹಂಕದ ರಾಗಿ ಹೊಲದ ಮನೆಯಿಂದ ಮೊಟ್ಟಮೊದಲು ಕಾಲೇಜು ಮೆಟ್ಟಿಲು ಹತ್ತಿದವರು, ಉತ್ತರದ ಕಡೆ ಹೋಗಿ ದೊಡ್ಡ ಓದು ಮುಗಿಸಿ ಬಂದವರು. ಹೆಬ್ಬಾಳದ ಕೆರೆಯಾಚೆ ಸರ್ಕಾರದ ಒಂದು ಪ್ರಯೋಗಾಲಯವಿತ್ತು. ಅದರ ಹಿಂದಿನ ಕ್ವಾರ್ಟರ್ಸಿನಲ್ಲಿ ನಾವು ಮೂವರು: ಅವರು, ನಾನು, ಅತ್ತೆ ಸುಬ್ಬಮ್ಮ. ನಾನು ಬಾಗಲೂರಿನವಳು, ಹೆಸರು ಮುನಿಗಂಗಮ್ಮ, ಎಸ್ಸೆಸ್ಸೆಲ್ಸಿ ಪಾಸು. ಡಾಕ್ಟರ ಹೆಂಡತಿಗೆ ಇಂಗ್ಲಿಷ್ ಬರಬೇಕೆಂದು ಹುಡುಕಿ ತಂದುಕೊಂಡ ಸೊಸೆ ನಾನು. ಮದುವೆಯಾದ ಮೇಲೆ ಆ ಇಂಗ್ಲಿಷನ್ನು ಹಾಲಿನ ಪುಡಿ ಡಬ್ಬದ ಮೇಲಿನ ಅಕ್ಷರ ಓದುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಯಾರೂ ಕೇಳಿರಲಿಲ್ಲ.

ಆಗ ಅರವತ್ತಾರನೇ ಇಸವಿಯ ಕೊನೆ. ರೇಷನ್ ಅಂಗಡಿಯಲ್ಲಿ ಅಮೆರಿಕದ ಗೋಧಿ, ಎಷ್ಟು ಬೇಯಿಸಿದರೂ ಬೇಯದ ಕೆಂಪು ಜೋಳ. ಊಟ ಹೆಚ್ಚಿಸುವುದು ಕಷ್ಟ, ಉಣ್ಣುವವರನ್ನು ಕಡಿಮೆ ಮಾಡುವುದು ಸುಲಭ ಎಂದು ದೆಹಲಿಯಲ್ಲಿ ಯಾರಿಗೋ ಹೊಳೆದಿತ್ತು. ಹಳ್ಳಿ ಹಳ್ಳಿಗೆ ಜೀಪು ಬಂದು, ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಬಸಿರಾಗದಂತೆ ಗರ್ಭದೊಳಗೆ ಲೂಪ್ ಹಾಕುತ್ತಿದ್ದರು. ನನ್ನ ಗಂಡನಿಗೆ ಲೂಪ್ ಎಂದರೆ ತಾತ್ಸಾರ. ಸಿಡುಬಿಗೆ ಚುಚ್ಚುವ ಹಾಗೆ ಬಸಿರಿಗೂ ಒಂದು ಸೂಜಿ ಚುಚ್ಚಿದರಾಯಿತು, ಅಷ್ಟಕ್ಕೆ ಇಷ್ಟೆಲ್ಲ ರಾದ್ಧಾಂತವೇಕೆ ಎನ್ನುತ್ತಿದ್ದರು.

ಆ ಸೂಜಿಯ ಮರ್ಮವನ್ನು ಅವರು ಊಟಕ್ಕೆ ಕೂತಾಗ ಸಾರನ್ನದಲ್ಲಿ ಬೆರಳಾಡಿಸಿ ನನಗೆ ಹೇಳಿಕೊಟ್ಟಿದ್ದರು. ಗಂಡಿನ ವೀರ್ಯಾಣುಗಳನ್ನು ಅರೆದು, ಎಣ್ಣೆಯಲ್ಲಿ ಕಲಸಿ, ಹೆಣ್ಣು ಮೊಲಕ್ಕೆ ಚುಚ್ಚುವುದು. ಮೊಲದ ಮೈ ಅದನ್ನು ಶತ್ರುವೆಂದು ತಿಳಿದು ರಕ್ತದಲ್ಲಿ ಕಾವಲುಗಾರರನ್ನು ಹುಟ್ಟಿಸಿಕೊಳ್ಳುತ್ತದೆ. ಆಮೇಲೆ ನಿಜವಾದ ವೀರ್ಯಾಣುಗಳು ಬಂದಾಗ ಈ ಕಾವಲುಗಾರರು ಅವನ್ನು ಹಿಡಿದು ಒಂದಕ್ಕೊಂದು ಗಂಟು ಹಾಕುತ್ತಾರೆ. ಗಂಟು ಬಿದ್ದವು ಈಜಲಾರವು, ಸೇರಬೇಕಾದ ಕಡೆ ಸೇರಲಾರವು. ಕೇಳಲು ಬಹಳ ಚೆನ್ನಾಗಿತ್ತು. ಮೊಲಗಳಿಗೆ ಮಾತ್ರ ಈ ಪಾಠ ಯಾರೂ ಹೇಳಿರಲಿಲ್ಲ. ಗಂಡು ಮೊಲದ ವೀರ್ಯಾಣುವನ್ನೇ ಅರೆದು ಚುಚ್ಚಿಸಿಕೊಂಡ ಹೆಣ್ಣು ಮೊಲಗಳು ಹಾಯಾಗಿ ಮರಿ ಹಾಕಿಕೊಂಡಿದ್ದವು. ಲಸಿಕೆ ಶುರುವಾದ ಮೇಲೆ ಪ್ರಯೋಗಾಲಯಕ್ಕೆ ಇನ್ನಷ್ಟು ಗೂಡು ಮಾಡಿಸಬೇಕಾಯಿತು.

ಮನೆಯೊಳಗಿನ ಪ್ರಯೋಗ ಅತ್ತೆಯದು. ಯಲಹಂಕದ ಅರಳಿಕಟ್ಟೆಯ ನಾಗರಕಲ್ಲು ಸುತ್ತಿಸಿದರು. ಒದ್ದೆ ಸೀರೆಯಲ್ಲಿ ಸುತ್ತಿ ನನಗೆ ಕೆಮ್ಮು ಬಂತು. ಯಾರೋ ಕೊಟ್ಟ ಬೇರು ಅರೆದು ಕುಡಿಸಿದರು, ಭೇದಿಯಾಯಿತು. ಕೊನೆಗೆ ನಾನೇ ಹಠ ಹಿಡಿದು ಪೇಟೆಯ ಒಬ್ಬ ಲೇಡಿ ಡಾಕ್ಟರ ಹತ್ತಿರ ಹೋಗಿದ್ದೆ. ಆಕೆ ಎಲ್ಲ ನೋಡಿ, "ನಿಮಗೇನೂ ತೊಂದ್ರೆ ಇಲ್ಲಮ್ಮ, ಯಜಮಾನರನ್ನ ಕರ್ಕೊಂಡು ಬನ್ನಿ" ಎಂದರು. ಈ ಮಾತನ್ನು ಮನೆಯಲ್ಲಿ ಹೇಳಿದಾಗ ನನ್ನ ಗಂಡ ನಕ್ಕರು.

"ನನ್ನನ್ನ ಪರೀಕ್ಷೆ ಮಾಡೋಕೆ ಅವರು ಯಾರು? ದಿನಾ ಕೋಟಿಗಟ್ಟಲೆ ನೋಡೋನು ನಾನು. ನನ್ನದನ್ನೂ ನೋಡಿದೀನಿ. ಬೇಕಾದಷ್ಟಿವೆ, ಓಡಾಡ್ತವೆ. ಸ್ವಲ್ಪ ಗುಂಪುಗುಂಪಾಗಿದ್ವು, ಅವತ್ತು ಚಳಿ ಇತ್ತು."

ಚಳಿಗೆ ಒತ್ತೊತ್ತಾಗಿ ಕೂತಿದ್ದವಂತೆ. ಹೆಬ್ಬಾಳದ ಚಳಿ ಅಂಥದ್ದೇ ಇರಬೇಕೆಂದು ನಾನೂ ಸುಮ್ಮನಾದೆ.

ಆ ವರ್ಷ ಅತ್ತೆಗೆ ತಾಳ್ಮೆ ಮುಗಿಯಿತು. ಮತ್ತಿಕೆರೆಯ ಚಿಕ್ಕಬೈರಪ್ಪನವರ ಮಗಳನ್ನು ನೋಡಿಕೊಂಡು ಬಂದು, ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಎದುರಿಗೆ ಕೂತು ತಾವೂ ನಾಲ್ಕು ಕಾಯಿ ಬಿಡಿಸಿದರು.

"ಸಂಕ್ರಾಂತಿ ಕಳೀಲಿ ಕಣವ್ವ, ನೀನೇ ನಿಮ್ಮಪ್ಪನ ಮನೀಗೆ ಓಗ್ಬುಡು. ನಾವು ಅಟ್ಟಿದ್ವಿ ಅಂತ ಜನ ಅನ್ಬಾರ್ದು ನೋಡು" ಎಂದರು.

ನಾನು ಗಂಡನನ್ನು ಕೇಳಿದೆ. ಅವರು ಕಾನೂನು ಓದಿಕೊಂಡಿದ್ದರು. "ಸರ್ಕಾರಿ ನೌಕರ ಎರಡನೇ ಮದ್ವೆ ಆಗೋ ಹಾಗಿಲ್ಲ ಗಂಗಾ. ನೀನಾಗೇ ಹೋದ್ರೆ, ಹಿರಿಯರು ಕೂತು ಬಿಡುಗಡೆ ಮಾತಾಡಿದ್ರೆ, ಆಮೇಲೆ ಕೋರ್ಟಲ್ಲಿ ಸಲೀಸಾಗುತ್ತೆ."

"ನಿಮಗೇನನ್ಸುತ್ತೆ?"

"ನನಗೇನು... ಅಮ್ಮನಿಗೂ ವಯಸ್ಸಾಯ್ತು."

ನನಗೆ ಆ ಮನೆ ಬಿಡಲು ಇಷ್ಟವಿರಲಿಲ್ಲ. ಯಾಕೆಂದು ಹೇಳಲು ಈಗಲೂ ನಾಚಿಕೆ. ಆ ಮನುಷ್ಯನ ಮೇಲೆ ನನಗೆ ಪ್ರೀತಿಯಿತ್ತು. ಮೊಲಗಳಿಗೆ ಜ್ವರ ಬಂದರೆ ಅವರು ಊಟ ಬಿಡುತ್ತಿದ್ದರು. ಅಂಥವರಿಗೆ ಎಂದಾದರೂ ಒಂದು ದಿನ ನನ್ನ ಸಂಕಟವೂ ಕಾಣುತ್ತದೆಂದು ನಂಬಿಕೊಂಡಿದ್ದೆ. ಇನ್ನು ಬಂಜೆಯೆಂಬ ಹೆಸರು ಹೊತ್ತು ಬಾಗಲೂರಿನ ಬಸ್ಸು ಇಳಿಯುವುದು ನನ್ನಿಂದಾಗದ ಮಾತಾಗಿತ್ತು. ನನ್ನ ಬೆನ್ನ ಹಿಂದೆ ಇಬ್ಬರು ತಂಗಿಯರಿದ್ದರು. ಅಕ್ಕ ಬಂಜೆಯೆಂದರೆ ಅವರನ್ನು ಕೇಳಿಕೊಂಡು ಬರುವವರು ಯಾರು?

ಇದೇ ಹೊತ್ತಿಗೆ ದೆಹಲಿಯಿಂದ ಒಬ್ಬ ಪ್ರೊಫೆಸರ್ ಲಸಿಕೆಯನ್ನು ಕಣ್ಣಾರೆ ನೋಡಲು ಬರುತ್ತಾರೆಂದು ಗೊತ್ತಾಯಿತು. ಅವರಿಗೆ ಮೂರು ಟ್ಯೂಬು ತೋರಿಸಬೇಕು. ಮೂರರಲ್ಲೂ ಮನುಷ್ಯರ ವೀರ್ಯಾಣು. ಅದು ಎಲ್ಲಿಂದ ಬರುತ್ತಿತ್ತೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಮತ್ತಿಕೆರೆಯ ಬಾಡಿಗೆ ರೂಮುಗಳಲ್ಲಿ ದೇಶಸೇವೆಗೆ ಮುಂದಾಗುವ ಕಾಲೇಜು ಹುಡುಗರು ಇದ್ದರಂತೆ. ಆ ವೀರ್ಯಾಣುವಿಗೆ ಸೀರಂ ಸೇರಿಸುವುದು. ರಕ್ತ ಹೆಪ್ಪುಗಟ್ಟಿದ ಮೇಲೆ ತೇಲುವ ತಿಳಿನೀರಿಗೆ ಸೀರಂ ಎನ್ನುತ್ತಾರೆ. ಮೊದಲನೇ ಟ್ಯೂಬಿಗೆ ಸಾಧಾರಣ ಮೊಲದ್ದು, ಎರಡನೆಯದಕ್ಕೆ ಮನುಷ್ಯರ ವೀರ್ಯಾಣುವಿನ ಲಸಿಕೆ ಹಾಕಿದ ಮೊಲದ್ದು, ಮೂರನೆಯದಕ್ಕೆ ಸಾಧಾರಣ ಮನುಷ್ಯನದು. ಎರಡನೆಯದರಲ್ಲಿ ಮಾತ್ರ ಗಂಟು ಬೀಳಬೇಕು. ಮೂರನೆಯದರಲ್ಲಿ ಏನೂ ಆಗಬಾರದು. ಅಲ್ಲೂ ಗಂಟು ಬಿದ್ದರೆ, ಎರಡನೆಯದರಲ್ಲಿ ಗಂಟು ಹಾಕಿದ್ದು ಲಸಿಕೆಯೇ ಎಂದು ಯಾರು ನಂಬುತ್ತಾರೆ?

ಸಾಧಾರಣ ಮನುಷ್ಯ ಬೇಕೆಂದಾಗ ನನ್ನ ಗಂಡ ತಮ್ಮ ತೋಳನ್ನೇ ಚಾಚಿದ್ದರು. ಡಿಗ್ರಿಗಳ ಸಂಗತಿ ಬಿಟ್ಟರೆ ತಾವು ಬಹಳ ಸಾಧಾರಣ ಮನುಷ್ಯರೆಂಬುದು ಅವರ ವಿನಯ.

ಮೂರನೇ ಟ್ಯೂಬು ಪ್ರತಿ ಸಲವೂ ಕೆಡುತ್ತಿತ್ತು. ಲಸಿಕೆಯ ಟ್ಯೂಬಿನಲ್ಲಿ ಅಲ್ಲೊಂದು ಇಲ್ಲೊಂದು ಗಂಟು. ಮೂರನೆಯದರಲ್ಲಿ ಒಡೆದ ಹಾಲಿನ ಹಾಗೆ ಗಟ್ಟಿ ಗಟ್ಟಿ. ಅವರು ಮನೆಗೆ ಬಂದು ಷರ್ಟು ಬಿಚ್ಚುವ ಮೊದಲೇ ಇದನ್ನೇ ಗೊಣಗುತ್ತಿದ್ದರು. ಮೊದಲು ಟ್ಯೂಬು ತೊಳೆಯುವ ಅಟೆಂಡರ್ ಅನ್ವರ್ ಮೇಲೆ ಹರಿಹಾಯ್ದರು, ಸೋಪು ಉಳಿಸಿದ್ದೀಯ ಎಂದು. ಅನ್ವರ್ ಬಿಸಿನೀರಿನಲ್ಲಿ ಕೈ ಬೆಂದುಹೋಗುವ ತನಕ ತೊಳೆದ. ಆಮೇಲೆ ಹೆಬ್ಬಾಳದ ನೀರಿನ ತಪ್ಪೆಂದರು, ನೀರನ್ನು ಬಟ್ಟಿ ಇಳಿಸಿದರು. ಗಾಜಿನ ತಪ್ಪೆಂದು ಬೊಂಬಾಯಿಯಿಂದ ಹೊಸ ಗಾಜು ತರಿಸಿದರು. ನೀರು, ಗಾಜು, ಸೋಪು, ಅನ್ವರ್, ಎಲ್ಲರೂ ತಪ್ಪಿತಸ್ಥರಾದರು. ಟ್ಯೂಬಿನೊಳಗೆ ಇದ್ದ ಇನ್ನೊಂದು ವಸ್ತುವಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಒಂದು ಸಂಜೆ ಮಾತ್ರ ನಗುನಗುತ್ತಾ ಬಂದರು. "ಸರಿಹೋಯ್ತು ಗಂಗಾ! ಇವತ್ತು ಅನ್ವರ್ ರಕ್ತ ತಗೊಂಡು ನೋಡ್ದೆ. ಮೂರನೇ ಟ್ಯೂಬು ಕನ್ನಡಿ ಥರ ಇದೆ. ಎಲ್ಲಾ ಚೆನ್ನಾಗಿ ಈಜ್ತಾ ಇದ್ವು."

ನಾನು ಮುದ್ದೆ ಬಡಿಸುತ್ತಿದ್ದೆ. "ಹಾಗಾದ್ರೆ ಇಷ್ಟು ದಿನ ಕೆಡ್ತಿದ್ದದ್ದು ನಿಮ್ಮ ರಕ್ತದಿಂದಾ?"

"ಕೆಡೋದಲ್ಲ. ನನಗೆ ನೆಗಡಿ ಇತ್ತು."

"ಗಂಟು ಹಾಕೋ ಕಾವಲುಗಾರರು ನೆಗಡಿಗೂ ಬರ್ತಾರಾ?"

"ಅದೆಲ್ಲಾ ನಿನಗೆ ಅರ್ಥ ಆಗಲ್ಲ. ಸಾರು ಹಾಕು."

ಸಾರು ಹಾಕಿದೆ. ಅವರು ಅಂದು ಎರಡನೇ ಮುದ್ದೆ ಬೇಡವೆಂದು ಎದ್ದರು. ಕೈತೊಳೆಯುವಾಗ ಬಚ್ಚಲಲ್ಲಿ ಬಹಳ ಹೊತ್ತು ನಿಂತಿದ್ದರು. ನೆಗಡಿಯ ವಿಚಾರವನ್ನು ನಾನು ಮತ್ತೆ ಎತ್ತಲಿಲ್ಲ. ಆದರೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಮೈಯಲ್ಲಿ ತಾನಾಗಿಯೇ ಲಸಿಕೆ ಇರುವ ಮನುಷ್ಯನಿಗೆ ಮಕ್ಕಳಾಗುತ್ತವೆಯೇ?

ಪ್ರೊಫೆಸರ್ ಬಂದ ದಿನ ಬೆಳಿಗ್ಗೆ ನಾನು ಉಪ್ಪಿಟ್ಟು, ಕೇಸರಿಬಾತು ಮಾಡಿ ಫ್ಲಾಸ್ಕಿಗೆ ಕಾಫಿ ತುಂಬುತ್ತಿದ್ದೆ. ದೊಡ್ಡವರು ಯಾರು ಬಂದರೂ ತಿಂಡಿ ಡಾಕ್ಟರ ಮನೆಯಿಂದಲೇ ಹೋಗಬೇಕು, ಹೆಂಡತಿಯೇ ಹೋಗಿ ಬಡಿಸಬೇಕು. ಅದು ಅಲ್ಲಿಯ ಪದ್ಧತಿ. ಅಷ್ಟರಲ್ಲಿ ಇವರು ಏದುಸಿರು ಬಿಡುತ್ತಾ ಬಂದರು, ಷರ್ಟು ಬದಲಾಯಿಸಲು.

"ಇವತ್ತೇ ಬರ್ಬೇಕಾ ಇವನ ರಂಜಾನು! ರೋಜಾ ಉಪವಾಸ ಇದೀನಿ, ಸೂಜಿ ಚುಚ್ಚಿಸ್ಕೊಂಡ್ರೆ ಮುರಿದುಹೋಗುತ್ತೆ ಸಾಬ್ ಅಂತಾನೆ ಅನ್ವರ್. ನಿನ್ನೆ ಸಂಜೇನೇ ತೆಗೆದಿಟ್ಕೋಬೇಕಿತ್ತು, ಮರೆತೆ."

"ಬೇರೆ ಯಾರದ್ದಾದ್ರೂ ತಗೊಳ್ಳಿ."

"ಯಾರಿದಾರೆ? ಗುಮಾಸ್ತ ವೆಂಕಟರಾಮಯ್ಯ ಸೂಜಿ ಕಂಡ್ರೇ ಬಿದ್ದುಹೋಗ್ತಾರೆ." ಗುಂಡಿ ಹಾಕಿಕೊಳ್ಳುತ್ತಾ ನನ್ನ ಕಡೆ ನೋಡದೆ ಹೇಳಿದರು: "ನನ್ನದೇ ಆಗುತ್ತೆ. ಈಗ ನೆಗಡಿ ಇಲ್ವಲ್ಲ."

ಪ್ರಯೋಗಾಲಯದಲ್ಲಿ ಪ್ರೊಫೆಸರ್ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು, ದಪ್ಪ ಕನ್ನಡಕ ಹಣೆಯ ಮೇಲೆ. ನನ್ನ ಗಂಡ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ತೋಳಿನ ಮಡಿಕೆಯಲ್ಲಿ ಹತ್ತಿ ಉಬ್ಬಿದ್ದು ಹೊಸ ಷರ್ಟಿನೊಳಗಿಂದ ಕಾಣುತ್ತಿತ್ತು. ವೆಂಕಟರಾಮಯ್ಯ ಬಾಗಿಲಲ್ಲಿ, ಅನ್ವರ್ ಮೂಲೆಯಲ್ಲಿ. ನಾನು ಬದಿಯ ಮೇಜಿನ ಮೇಲೆ ತಟ್ಟೆ ಜೋಡಿಸುತ್ತಿದ್ದೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಹಾಲಿನ ಡಬ್ಬದ ಇಂಗ್ಲಿಷು ಅಷ್ಟಕ್ಕೆ ಸಾಕಾಗಿತ್ತು.

ಮೊದಲನೆಯದನ್ನು ನೋಡಿ ಪ್ರೊಫೆಸರ್ ತಲೆಯಾಡಿಸಿದರು. ಎರಡನೆಯದನ್ನು ನೋಡಿ, "ಪರವಾಗಿಲ್ಲ, ಇನ್ನೂ ದುರ್ಬಲ" ಎಂದರು. ಮೂರನೆಯದರ ಮೇಲೆ ಬಗ್ಗಿದವರು ಏಳಲೇ ಇಲ್ಲ. ಎದ್ದಾಗ ಅವರ ಮುಖ ಮದುವೆ ಮನೆಯ ಹಾಗೆ ಅರಳಿತ್ತು.

"ಅದ್ಭುತ! ನಮ್ಮ ಲಸಿಕೆ ಮಾಡಬೇಕಾದ ಕೆಲಸವನ್ನು ಈ ಮನುಷ್ಯನ ಮೈ ತಾನೇ ಮಾಡಿಟ್ಟಿದೆ. ತನ್ನ ಬೀಜಕ್ಕೆ ತಾನೇ ಶತ್ರು. ಇಂಥವನಿಗೆ ಮಕ್ಕಳಾಗುವುದು ಬಹಳ ಬಹಳ ಕಷ್ಟ. ಯಾರ ಸೀರಂ ಇದು?"

ಆ ಕ್ಷಣದಲ್ಲಿ ನನಗೆ ಏನನ್ನಿಸಿತೆಂದು ಮುಚ್ಚಿಡುವುದಿಲ್ಲ. ಕುಣಿಯಬೇಕೆನ್ನಿಸಿತು. ಇಡೀ ದೇಶಕ್ಕೆ ದೊಡ್ಡ ಪಂಡಿತ, ದೆಹಲಿಯಿಂದ ರೈಲು ಹತ್ತಿ ಬಂದು, ನನ್ನ ಕಿವಿಗೇ ಬೀಳುವ ಹಾಗೆ, ನಿನ್ನ ತಪ್ಪಲ್ಲ ಕಣಮ್ಮ ಎಂದು ಹೇಳಿದಂತಾಗಿತ್ತು. ಉಪ್ಪಿಟ್ಟಿಗೆ ಇನ್ನಷ್ಟು ಗೋಡಂಬಿ ಹಾಕಬೇಕಿತ್ತು. ನಾನು ನನ್ನ ಗಂಡನ ಬಾಯಿಯನ್ನೇ ನೋಡಿದೆ. ಒಂದೇ ಮಾತು ಸಾಕಿತ್ತು.

ಅವರು ಒಂದು ಸಲ ನನ್ನನ್ನು ನೋಡಿದರು. ಆಮೇಲೆ ಮೂಲೆಯ ಕಡೆ ಕೈ ತೋರಿಸಿದರು. "ನಮ್ಮ ಅಟೆಂಡರ್. ಅನ್ವರ್."

"ಪಾಪ. ಮಕ್ಕಳಿಲ್ಲ, ಅಲ್ಲವೇ?"

ವೆಂಕಟರಾಮಯ್ಯನಿಗೆ ಸರಿಯಾದ ಮಾಹಿತಿ ಒದಗಿಸುವುದೆಂದರೆ ಪ್ರಾಣ. "ಏಳು ಮಕ್ಕಳು ಸಾರ್!" ಎಂದ ಬಾಗಿಲಿಂದಲೇ.

ಪ್ರೊಫೆಸರ್ ಅನ್ವರನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು, "ಕಾಫಿ ಕುಡಿಯೋಣವೇ?" ಎಂದರು. ವೆಂಕಟರಾಮಯ್ಯ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಹೊರಗೆ ಹೋದ. ತನ್ನ ಹೆಸರು ಕೇಳಿದ ಅನ್ವರ್ ಎಲ್ಲರಿಗೂ ಸಲಾಮು ಹೊಡೆದು ಸಂತೋಷದಿಂದ ನಕ್ಕ.

ಮನೆಗೆ ಬಂದು ನಾನು ಅವರ ಷರ್ಟಿನ ತೋಳು ಮೇಲೆತ್ತಿ ಹತ್ತಿಯನ್ನು ಕಿತ್ತು ಕೈಯಲ್ಲಿಟ್ಟೆ.

"ಇದು ಅನ್ವರ್ ತೋಳಾ?"

"ಮೆತ್ತಗೆ ಮಾತಾಡು, ಅಮ್ಮ ಇದಾರೆ. ಅವನಿಗೆ ಇಂಗ್ಲಿಷ್ ಬರಲ್ಲ ಗಂಗಾ. ಅವನಿಗೇನು ನಷ್ಟ?"

"ವೆಂಕಟರಾಮಯ್ಯಂಗೆ ಬರುತ್ತೆ. ಕನ್ನಡಾನೂ ಬರುತ್ತೆ, ಉರ್ದೂನೂ ಬರುತ್ತೆ."

ಅವರು ಕುರ್ಚಿಯಲ್ಲಿ ಕುಸಿದರು. "ಅಷ್ಟು ಜನರ ಮುಂದೆ ಹೇಗೆ ಹೇಳ್ಲಿ?" ಎಂದರು. ನನಗೆ ಅಯ್ಯೋ ಅನ್ನಿಸಿತು, ನಿಜ. ಪಕ್ಕದಲ್ಲಿ ಕೂತೆ.

"ಹೊರಗಿನವರಿಗೆ ಬೇಡ. ಅತ್ತೆಗಾದ್ರೂ ಹೇಳ್ತೀರಲ್ಲ? ಸಂಕ್ರಾಂತಿಗೆ ನಾನು ಹೋಗ್ಬೇಕಾಗಿಲ್ಲ ಅಲ್ವಾ?"

ಅವರು ನೆಲ ನೋಡಿದರು. "ಅದು ಬೇರೆ ವಿಷಯ ಗಂಗಾ."

ಬೇರೆ ವಿಷಯ! ಸೈನ್ಸು ಬೇರೆ, ಸಂಸಾರ ಬೇರೆ. ಮತ್ತಿಕೆರೆಯ ಆ ಹುಡುಗಿಗೂ ಅದೇ ನಾಗರಕಲ್ಲು ಸುತ್ತಿಸುತ್ತೀರಾ ಎಂದು ಕೇಳಿದೆ. ಅವರು ಕೈಯಲ್ಲಿದ್ದ ಹತ್ತಿಯನ್ನು ಉಂಡೆ ಮಾಡಿದರು. ಆ ಮನುಷ್ಯನ ಮೇಲೆ ನನಗಿದ್ದ ಅಯ್ಯೋ ಅಲ್ಲಿಗೆ ಮುಗಿಯಿತು. ಎದ್ದುಹೋಗಿ ಪಾತ್ರೆ ತಿಕ್ಕಿದೆ. ಅಂದು ತಿಕ್ಕಿದಷ್ಟು ಜೋರಾಗಿ ಎಂದೂ ತಿಕ್ಕಿಲ್ಲ.

ಮರುದಿನ ಮಧ್ಯಾಹ್ನ ಹಿತ್ತಿಲ ಬಾಗಿಲಿಗೆ ಅನ್ವರನ ಹೆಂಡತಿ ಅಕ್ಬರಿ ಬಂದಳು. ಕಂಕುಳಲ್ಲಿ ಕೊನೆಯ ಮಗು, ಅತ್ತು ಅವಳ ಕಣ್ಣು ಊದಿತ್ತು. ವೆಂಕಟರಾಮಯ್ಯ ತನ್ನ ಕೆಲಸ ಚೆನ್ನಾಗಿಯೇ ಮಾಡಿದ್ದ.

"ಅಮ್ಮಾ, ಅವನ ರಕ್ತದಲ್ಲಿ ಮಕ್ಕಳೇ ಆಗಲ್ಲ ಅಂತ ಡಾಕ್ಟ್ರು ಹೇಳಿದಾರಂತೆ. ಹಂಗಾದ್ರೆ ಈ ಏಳು ಯಾರ್ದು ಅಂತ ಬೀದಿ ಬೀದಿ ಕೇಳ್ತಾ ಇದೆ. ಅಲ್ಲಾ ಕಸಂ, ಮೂಗು ನೋಡಿ ಇದರ್ದು, ಅವಂದೇ ಮೂಗು, ಏಳಕ್ಕೂ ಅದೇ ಮೂಗು. ನಿನ್ನೆ ರೋಜಾ ಬಿಡೋಕೂ ಬರೀ ನೀರು ಕುಡ್ದು ಎದ್ದೋದ. ನನ್ ಮುಖ ನೋಡಲ್ಲ. ಅವನ ಅಣ್ಣ ಮಸೀದಿ ದೊಡ್ಡೋರ ಹತ್ರ ಹೋಗಣ, ತಲಾಖ್ ಕೊಡು ಅಂತಾನೆ."

ಅತ್ತೆ ಒರಳಿನ ಹತ್ತಿರ ಕೂತು ಕೇಳುತ್ತಿದ್ದರು. ಅಕ್ಕಿಯ ಕಲ್ಲು ಆರಿಸುತ್ತಾ ತೀರ್ಪು ಕೊಟ್ಟರು: "ನನ್ ಮಗ ಪರೀಕ್ಸೆ ಮಾಡಿ ಯೋಳಿದ್ದು ಯಾವತ್ತೂ ತಪ್ಪಾಗಕ್ಕಿಲ್ಲ ಕಣಮ್ಮ."

ಅಕ್ಬರಿ ನನ್ನ ಮುಖ ನೋಡಿದಳು. 'ಬಂಜೆ' ಎಂದರೆ ನನಗೆ ಹೇಗಾಗುತ್ತಿತ್ತೋ ಹಾಗೆಯೇ ಇತ್ತು ಅವಳ ಮುಖ. ಅವಳಿಗೆ ಮಕ್ಕಳು ಹೆಚ್ಚು, ನನಗೆ ಇಲ್ಲ. ಇಬ್ಬರನ್ನೂ ಮನೆಯಿಂದ ಹೊರಗೆ ಹಾಕಲು ಹೊರಟಿದ್ದು ಅದೇ ಒಂದು ತೋಳಿನ ರಕ್ತ. ನೀನು ಮನೆಗೆ ಹೋಗು, ಸಂಜೆ ರೋಜಾ ಬಿಡುವ ಹೊತ್ತಿಗೆ ನಾವು ಬರುತ್ತೇವೆ ಎಂದೆ.

ಅನ್ವರನ ಮನೆಗೆ ಬಂದು ನಿಜ ಹೇಳಿ ಎಂದರೆ ಗಂಡ ಮೊದಲು ಆಗುವುದಿಲ್ಲ ಎಂದರು. "ಸರಿ, ಪ್ರೊಫೆಸರ್ ಇನ್ನೂ ಗೆಸ್ಟ್ ಹೌಸಲ್ಲೇ ಇದಾರೆ. ನಾನೇ ಹೋಗ್ತೀನಿ. ನನಗೂ ಇಂಗ್ಲಿಷ್ ಬರುತ್ತೆ, ಅದಕ್ಕೇ ಅಲ್ವಾ ನೀವು ನನ್ನ ಕಟ್ಕೊಂಡಿದ್ದು?" ಎಂದೆ. ಅವರು ಚಪ್ಪಲಿ ಹಾಕಿಕೊಂಡರು.

ಗಂಗೇನಹಳ್ಳಿಯ ಅನ್ವರನ ಮನೆಯೆಂದರೆ ಒಂದು ಕೋಣೆ, ಅಡ್ಡಲಾಗಿ ಒಂದು ಪರದೆ. ನಾನು ಬಾಳೆಹಣ್ಣಿನ ಚಿಪ್ಪು ಹಿಡಿದು ಹಿಂದೆ ನಿಂತೆ. ಅನ್ವರ್ ಗಾಬರಿಯಿಂದ ಚಾಪೆ ಹಾಸಿದ. ನನ್ನ ಗಂಡ ಕೂರಲಿಲ್ಲ.

"ಅದು ಏನಾಯ್ತು ಅಂದ್ರೆ ಅನ್ವರ್... ತಾಂತ್ರಿಕವಾಗಿ... ಟ್ಯೂಬು ಅದಲುಬದಲಾಗಿತ್ತು."

"ಟ್ಯೂಬ್ ನಾನೇ ತೊಳ್ದಿದ್ದು ಸಾಬ್," ಎಂದ ಅನ್ವರ್ ಕೈಮುಗಿದು. "ಹೋದ ವಾರ ಕೊಟ್ಟ ರಕ್ತಾನೇ ಇಟ್ಟಿದ್ರಿ ಅಂತ ಅನ್ಕೊಂಡೆ. ತಪ್ಪಾಗಿದ್ರೆ ಮಾಫ್ ಮಾಡಿ."

ಅವನ ಹೆಂಡತಿಯ ಮಾನ ಬೀದಿಯಲ್ಲಿತ್ತು, ಕ್ಷಮೆ ಅವನೇ ಕೇಳುತ್ತಿದ್ದ! ನಾನು ಬಾಳೆಹಣ್ಣಿನ ಚಿಪ್ಪಿನಿಂದ ಗಂಡನ ಬೆನ್ನಿಗೆ ತಿವಿದೆ.

"ನಿನ್ನ ರಕ್ತ ಅಲ್ಲ ಅದು. ನಿನ್ನ ರಕ್ತ ಸರಿಯಾಗಿದೆ."

"ಮತ್ತೆ ಯಾರದು ಸಾಬ್?"

ನನ್ನ ಗಂಡ ತುಟಿ ಅಲುಗಿಸಿದರು. ಪರದೆಯ ಹಿಂದಿನಿಂದ ಅಕ್ಬರಿಯ ದನಿ ಬಂತು: "ಕೇಳಿಸ್ಲಿಲ್ಲ."

"ನನ್ನದು" ಎಂದರು ಡಾಕ್ಟರ್ ಆವಲಪ್ಪ, ಈ ಸಲ ಆಚೆ ಮನೆಗೂ ಕೇಳುವ ಹಾಗೆ.

ಅನ್ವರ್ ತಲೆ ತಗ್ಗಿಸಿದ. ಅವನ ಹೆಗಲು ಸಡಿಲವಾಗಿದ್ದು ನನಗೆ ಕಾಣಿಸಿತು. ಪರದೆಯ ಅಂಚಿನಲ್ಲಿ ಇಣುಕುತ್ತಿದ್ದ ಮಗುವನ್ನು ಎಳೆದು ಮಡಿಲಿಗೆ ಹಾಕಿಕೊಂಡ. "ನಾನು ಯಾರಿಗೂ ಹೇಳಲ್ಲ ಸಾಬ್," ಎಂದ.

ಅಕ್ಬರಿ ಪರದೆ ಸರಿಸಿ ಹೊರಗೆ ಬಂದಳು. "ಯಾಕೆ ಹೇಳ್ಬಾರ್ದು? ನನ್ನ ಹೆಸರು ಕೆಡಿಸುವಾಗ ಯಾರಾದ್ರೂ ಬಾಯಿ ಮುಚ್ಕೊಂಡ್ರಾ? ನಾನು ಸರಿ ಇದೀನಿ ಅಂತ ಹೇಳ್ಬೇಕಾದ್ರೆ ಅದು ಯಾರ್ದು ಅಂತಾನೂ ಹೇಳ್ಬೇಕಲ್ಲಾ?" ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ನಿಮ್ಮ ಮನೆ ಮಾತು. ನೀವು ಬೇಡ ಅಂದ್ರೆ ಬೇಡ ಅಮ್ಮಾ. ಹೇಳ್ಲಾ?"

ನನ್ನ ಗಂಡ ನನ್ನನ್ನು ನೋಡಿದರು. ಮದುವೆಯಾದ ಮೇಲೆ ಅವರು ನನ್ನಿಂದ ಏನನ್ನಾದರೂ ಬೇಡಿದ್ದು ಅದೇ ಮೊದಲು. ಅದು ಬೇರೆ ವಿಷಯ ಎಂದಿದ್ದು ನನಗೆ ನೆನಪಿತ್ತು.

"ಹೇಳು ಅಕ್ಬರಿ," ಎಂದೆ. "ನಿನಗೆ ಎಷ್ಟು ಜನರಿಗೆ ಬೇಕೋ ಅಷ್ಟು ಜನರಿಗೆ ಹೇಳು."

ಕುಟುಂಬ ಯೋಜನೆಯ ಪ್ರಚಾರಕ್ಕೆ ಸರ್ಕಾರ ಜೀಪು, ಮೈಕು, ಸಿನಿಮಾ ಪರದೆ ಎಲ್ಲ ಕೊಟ್ಟಿತ್ತು. ಇಷ್ಟೆಲ್ಲ ಇದ್ದೂ ಊರಿಗೆ ಮುಟ್ಟದ ವಿಜ್ಞಾನವನ್ನು ಅಕ್ಬರಿ ಬೆಳಗಾಗುವುದರೊಳಗೆ ಒಂದು ನಲ್ಲಿಯಿಂದ ಇನ್ನೊಂದು ನಲ್ಲಿಗೆ ಮುಟ್ಟಿಸಿದಳು. ಪ್ರೊಫೆಸರ್‌ಗೂ ಸುದ್ದಿ ಹೋಯಿತು. ಅವರೊಬ್ಬರಿಗೇ ಇದರಲ್ಲಿ ನಾಚಿಕೆಯದೇನೂ ಕಾಣಲಿಲ್ಲ. ರೈಲು ಹತ್ತುವ ಮೊದಲು ಒಂದು ಸೀಸೆ ರಕ್ತ ಕೊಟ್ಟು ಕಳಿಸಲು ಆಗುತ್ತದೆಯೇ ಎಂದು ಕೇಳಿದರಂತೆ. ಮತ್ತಿಕೆರೆಯ ಚಿಕ್ಕಬೈರಪ್ಪನವರಿಂದ ಆಳು ಬಂದು, ಹುಡುಗಿ ಇನ್ನೂ ಚಿಕ್ಕವಳು ಎಂದು ಹೇಳಿಹೋದ. ಹೋದ ತಿಂಗಳು ಬೆಳೆದು ನಿಂತಿದ್ದ ಹುಡುಗಿ ಈ ತಿಂಗಳು ಚಿಕ್ಕವಳಾಗಿದ್ದಳು.

ಮರುದಿನ ಬೆಳಿಗ್ಗೆಯೇ ನಲ್ಲಿಗೆ ಹೋದ ಅತ್ತೆ ಖಾಲಿ ಕೊಡ ಹಿಡಿದು ಹಿಂದಿರುಗಿದರು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ನಾನು ಅನ್ನಕ್ಕಿಟ್ಟು ಬೇಳೆ ಆರಿಸುತ್ತಿದ್ದೆ. ಒಳಕೋಣೆಯಲ್ಲಿ ನನ್ನ ಗಂಡ ಕೆಲಸಕ್ಕೆ ಹೋಗದೆ ಬಾಗಿಲ ಮರೆಯಲ್ಲಿ ಕೂತಿದ್ದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

ಅತ್ತೆ ಬಯ್ಯುತ್ತಾರೆಂದುಕೊಂಡೆ. ನನ್ನ ಮಗನ ಮಾನ ತೆಗೆದೆ ಎಂದರೆ ಏನು ಹೇಳಬೇಕೆಂದು ಹಿಂದಿನ ರಾತ್ರಿ ಅನ್ವರನ ಮನೆಯಿಂದ ಬರುವಾಗ ದಾರಿಯುದ್ದಕ್ಕೂ ಮಾತು ಕೂಡಿಟ್ಟುಕೊಂಡಿದ್ದೆ, ನಾಗರಕಲ್ಲಿನಿಂದ ಹಿಡಿದು ಬೇರಿನ ಕಷಾಯದವರೆಗೆ. ಅವರು ಬಯ್ಯಲಿಲ್ಲ. ಕೊಡದ ಬಾಯಿಯ ಮೇಲೆ ಬೆರಳು ಆಡಿಸುತ್ತಿದ್ದರು.

"ನಮ್ಮ ಜನದಾಗೆ ಇಂಗಾದ್ರೆ ಎಣ್ಣು ಬುಟ್ಟು ಓಗ್ಬೋದು. ಬೇರೆ ಗಂಡನ್ನ ಕೂಡಿಕೆ ಮಾಡ್ಕೋಬೋದು. ನಲ್ಲಿತಾವ ಎಲ್ರೂ ಅದ್ನೇ ಮಾತಾಡ್ತಾವ್ರೆ," ಎಂದರು. ಆಮೇಲೆ ತಲೆಯೆತ್ತಿದರು. "ನೀನು ಓಗ್ಬುಡ್ತೀಯೇನವ್ವ?"

ಇಷ್ಟು ವರ್ಷ ನನ್ನನ್ನು ಕಳಿಸುವ ದಿನ, ತಿಂಗಳು, ಹಬ್ಬ ಎಲ್ಲ ಗೊತ್ತುಮಾಡಿದ ಮನೆಯಲ್ಲಿ, ಹೋಗುತ್ತೀಯಾ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಕೂಡಿಟ್ಟ ಮಾತೆಲ್ಲ ಎಲ್ಲಿ ಹೋದವೋ. ಒಳಕೋಣೆಯ ಬಾಗಿಲು ಇನ್ನಷ್ಟು ತೆರೆದುಕೊಂಡಿತು. ಇಬ್ಬರೂ ನನ್ನ ಬಾಯಿಯನ್ನೇ ಕಾಯುತ್ತಿದ್ದಾರೆಂದು ತಿಳಿದಾಗ ನನಗೆ ಅಳು ಬಂತು, ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ, ಸಂತೋಷವೂ ಆಯಿತು.

"ಗೊತ್ತಿಲ್ಲ ಅತ್ತೆಮ್ಮ," ಎಂದೆ. "ಯೋಚ್ನೆ ಮಾಡಿ ಹೇಳ್ತೀನಿ. ಸಂಕ್ರಾಂತಿ ಕಳೀಲಿ."

ಒಲೆಯ ಮೇಲೆ ಅನ್ನ ಉಕ್ಕಿತು. ನಾನು ಏಳಲಿಲ್ಲ. ಒಳಗಿನಿಂದ ಡಾಕ್ಟರ್ ಆವಲಪ್ಪ ಓಡಿಬಂದು, ಬರಿಗೈಯಲ್ಲೇ ಪಾತ್ರೆ ಹಿಡಿದು ಇಳಿಸಿದರು.